ಯಾರ ಕಡೆಗೂ ಸೇರದ ಟೋಪಿ

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಟೋಪಿಗಳಿಗೆ ಮರ್ಯಾದೆ ಹೆಚ್ಚಿತ್ತು. ಬೇಕಾದರೆ ಆಳಂದದ ನಮ್ಮ ಓಣಿಯಲ್ಲಿ ಆಗ ಇದ್ದವರನ್ನು ಕೇಳಿ ಎನ್ನುತ್ತಿದ್ದೆ, ಆದರೆ ಅವರಲ್ಲಿ ಯಾರೂ ಈಗ ಉಳಿದಿಲ್ಲ. ಆ ಮನೆಗೆ ಮೊಳಕ್ಕಿಂತ ದಪ್ಪನೆಯ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೆಂದು ಮಾಳಿಗೆಯಲ್ಲಿ ಒಂದು ಗವಾಕ್ಷಿ. ತಲೆಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಆಮೇಲೆ ಪಡಸಾಲೆ, ಒಳಗೆ ನಡುಮನೆ, ಅದರ ಪಕ್ಕಕ್ಕೆ ಅಡುಗೆಮನೆ. ಬೇಸಿಗೆಯಲ್ಲಿ ತಣ್ಣಗಿರುವುದು ನಡುಮನೆಯೊಂದೇ. ಅಪ್ಪನದು ಬಜಾರಿನಲ್ಲಿ ಟೋಪಿ ಅಂಗಡಿ. ರುಮಾಲು, ಕರಿ ಟೋಪಿ, ಗೊಂಡೆಯ ಕೆಂಪು ರೂಮಿ ಟೋಪಿ ಎಲ್ಲವನ್ನೂ ಮಾರುತ್ತಿದ್ದ. ನಮ್ಮ ಹೊಟ್ಟೆ ತುಂಬುತ್ತಿದ್ದದ್ದು ಅವುಗಳಿಂದ. ಆದರೆ ಅವನ ಜೀವವಿದ್ದದ್ದು ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲೆ, ಸೊಲ್ಲಾಪುರದಿಂದ ತರಿಸಿದ ಫೆಲ್ಟ್ ಹ್ಯಾಟುಗಳಲ್ಲಿ. ಸುತ್ತ ಅಗಲ ಅಂಚು, ನೆತ್ತಿಯಲ್ಲಿ ತಗ್ಗು, ಮುಂದೆ ಎರಡು ಕಡೆ ಚಿವುಟಿದಂಥ ಗುರುತು, ಸಾಹೇಬರು ಇಡುತ್ತಿದ್ದಂಥವು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದು ನವಾಬನ ಆಳ್ವಿಕೆಯಲ್ಲಿದ್ದ ನಮ್ಮ ಮೊಗಲಾಯಿಗೆ ಮಾತ್ರ ಬಾರದೇ ಇದ್ದ ವರ್ಷ ಅದು. ಗದ್ದಲ ಶುರುವಾಗಿ ಅಂಗಡಿ ತೆರೆದ ದಿನಗಳಿಗಿಂತ ಮುಚ್ಚಿದ ದಿನಗಳೇ ಹೆಚ್ಚಾದಾಗ ಅಪ್ಪ ಆ ಹ್ಯಾಟುಗಳನ್ನೆಲ್ಲ ಮನೆಗೆ ಹೊತ್ತು ತಂದ. ನಡುಮನೆ ಅವುಗಳ ಪಾಲಾಯಿತು. ಜೋಳದ ಚೀಲಗಳು ದನದ ಪಕ್ಕಕ್ಕೆ ಹೋದವು, ನಾವು ಪಡಸಾಲೆಗೆ ಬಂದೆವು. ಅವ್ವ ರೊಟ್ಟಿ ಬಡಿಯುತ್ತಲೇ ಗೊಣಗುತ್ತಿದ್ದಳು.

“ಟೋಪಿಗೋಳು ಮಲಗಾಕ ಜಾಗಾ ಅದ, ನನ್ನ ಮಕ್ಕಳಿಗಿಲ್ಲ. ಇನ್ನ ಅವುಕ್ಕೂ ಎರಡೆರಡು ರೊಟ್ಟಿ ಬಡೀಲೇನ್ರಿ?”

ಅಪ್ಪ ಕೇಳಿಸದವನಂತೆ ಮುಂದಿನ ಹ್ಯಾಟು ಎತ್ತಿಕೊಳ್ಳುತ್ತಿದ್ದ. ಅವನು ಹ್ಯಾಟು ಪರೀಕ್ಷಿಸುತ್ತಿದ್ದ ರೀತಿಯನ್ನು ಮಾತ್ರ ನಾನು ಹೇಳಲೇಬೇಕು, ಏಕೆಂದರೆ ನಾನು ಶಾಲೆಯಲ್ಲಿ ಕಲಿತದ್ದಕ್ಕಿಂತ ಹೆಚ್ಚು ಕಲಿತದ್ದು ಅದನ್ನು ನೋಡುತ್ತ ಕೂತು. ಮೊದಲು ಕೈ ತೊಳೆದು ಒರೆಸಿಕೊಳ್ಳುತ್ತಿದ್ದ, ಲಿಂಗಪೂಜೆಗೆ ಕೂಡುವಾಗ ಮಾಡಿದಂತೆ. ಹ್ಯಾಟನ್ನು ಎಡಗೈ ಮುಷ್ಟಿಯ ಮೇಲೆ ಕೂರಿಸಿ ಬಲಗೈ ಹೆಬ್ಬೆರಳಿನಿಂದ ಅಂಚನ್ನು ಸುತ್ತಲೂ ಒತ್ತುತ್ತ ಬರುತ್ತಿದ್ದ. ಎಲ್ಲಿಯೂ ದಪ್ಪ ತೆಳುವು ಇರಬಾರದು. ನೆತ್ತಿಯನ್ನು ಹಿಚುಕಿ ಬಿಟ್ಟರೆ ಅದು ತಾನಾಗಿ ಮೊದಲಿನಂತೆ ಏಳಬೇಕು, ನೆರಿಗೆ ಉಳಿಯಬಾರದು. ರಿಬ್ಬನ್ನಿನ ಗಂಟು ಎಡಕ್ಕಿರಬೇಕು, ಅದರ ಹೊಲಿಗೆ ಕಣ್ಣಿಗೆ ಬೀಳಬಾರದು. ಒಳಗಿನ ತೊಗಲಿನ ಪಟ್ಟಿ ಅಂಟಿಸಿದ್ದಾಗಿರದೆ ಹೊಲಿದದ್ದಾಗಿರಬೇಕು. ಕೊನೆಗೆ ಬೆರಳನ್ನು ತಂಬಿಗೆಯಲ್ಲಿ ಅದ್ದಿ ಒಂದೆರಡು ಹನಿ ಚಿಮುಕಿಸುತ್ತಿದ್ದ. ಕುರಿಯ ಉಣ್ಣೆಯದಾದರೆ ಅದು ನೀರು ಕುಡಿದು ಕಂಬಳಿಯ ವಾಸನೆ ಬಿಡುತ್ತದೆ. ಮೊಲದ ತುಪ್ಪಳದ್ದಾದರೆ ಹನಿ ದುಂಡಗೆ ನಿಲ್ಲುತ್ತದೆ, ಓರೆ ಮಾಡಿದರೆ ಉರುಳಿ ಕೆಳಗೆ ಬೀಳುತ್ತದೆ. ಇಷ್ಟಾದ ಮೇಲೆ ಚೆಂದದ ಮಾತು. ಸೊಲ್ಲಾಪುರದಲ್ಲಿ ಓದಿ ಬಂದ ವಕೀಲರೊಬ್ಬರು ಹ್ಯಾಟು ಬೇಕೆಂದು ಮನೆಗೇ ಬಂದಿದ್ದರು. ತಾವೇ ಒಂದನ್ನು ಆರಿಸಿ ಇಟ್ಟುಕೊಂಡು ಗೋಡೆಯ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದಾಗ ಅಪ್ಪ ಅದನ್ನು ಅವರ ತಲೆಯಿಂದಲೇ ತೆಗೆದುಕೊಂಡ.

“ತಲೀಗಿ ಸರಿಯಾದ್ರ ಸಾಲಂಗಿಲ್ರಿ ವಕೀಲರ, ಮಾರಿಗಿ ಸರಿಯಾಗಬೇಕು. ನಿಮ್ಮದು ಉದ್ದ ಮಾರಿ. ಇಷ್ಟು ಎತ್ತರದ ನೆತ್ತೀದು ಇಟ್ರ ಕುದುರಿ ಕಂಡಂಗ ಕಾಣ್ತೀರಿ. ಅಂಚು ಅಗಲ ಇರೋದು ಕೊಡ್ತೇನಿ, ತಡೀರಿ.”

ಇಷ್ಟೆಲ್ಲ ಬಲ್ಲವನು ತಾನು ಮಾತ್ರ ಸಾಯುವವರೆಗೆ ಬಿಳಿ ರುಮಾಲು ಸುತ್ತಿದ. ಹ್ಯಾಟಿನ ವಿಷಯದಲ್ಲಿ ಅಪ್ಪ ಹೇಳಿದ್ದು ತಪ್ಪಾದದ್ದನ್ನು ಯಾರೂ ಕಂಡಿರಲಿಲ್ಲ. ಊರು ಅವನನ್ನು ಟೋಪಿ ಸಾವಕಾರ ಎಂದು ಹಿಂದಿನಿಂದ ಕರೆದು ನಗುತ್ತಿತ್ತು, ಆದರೆ ಅವನ ಮಾತನ್ನು ಮೀರುತ್ತಿರಲಿಲ್ಲ. ಮುಂದೆ ನಮ್ಮ ಮನೆ ಹಾಳಾದದ್ದು ಟೋಪಿಯಲ್ಲಿ ತಪ್ಪದವನೆಂಬ ಈ ಹೆಸರಿನಿಂದಲೇ ಎಂದು ನನಗೆ ಇವತ್ತಿಗೂ ಸಿಟ್ಟಿದೆ.

ನನ್ನ ಅಕ್ಕ ನೀಲವ್ವನನ್ನು ಜೇವರ್ಗಿ ಕಡೆಯ ಯಡ್ರಾಮಿಗೆ ಕೊಟ್ಟಿದ್ದರು. ಭಾವ ಶರಣಪ್ಪ ತೊಗರಿ ವ್ಯಾಪಾರದವರ ಮನೆಯ ಒಬ್ಬನೇ ಮಗ. ಮೆಲ್ಲಗೆ ಮಾತಾಡುವ, ಊಟಕ್ಕೆ ಕೂತರೆ ಪುಂಡಿ ಪಲ್ಯವನ್ನು ಮೂರು ಸಲ ಹಾಕಿಸಿಕೊಳ್ಳುವ, ನನ್ನನ್ನು ‘ಗಂಗವ್ವನವರ’ ಎಂದು ದೊಡ್ಡವರನ್ನು ಕರೆದಂತೆ ಕರೆಯುವ ಮನುಷ್ಯ. ಮದುವೆಯಲ್ಲಿ ಅಳಿಯನಿಗೆ ಮಾವನ ಮನೆಯಿಂದ ರುಮಾಲು ಸುತ್ತುವುದು ಪದ್ಧತಿ. ಅಪ್ಪ ರುಮಾಲು ಬಿಟ್ಟು ಹಲಗೆಯ ಮೇಲಿನ ಎಲ್ಲಕ್ಕಿಂತ ಒಳ್ಳೆಯ ಹ್ಯಾಟು ತಂದ, ಮೊಲದ ತುಪ್ಪಳದ್ದು, ಬೂದು ಬಣ್ಣದ್ದು. ಹಂದರದಲ್ಲಿ ಗಲಾಟೆಯಾಯಿತು. ಭಾವನ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳು.

“ಹಿರೇರು ಆಶೀರ್ವಾದ ಮಾಡೋ ಹೊತ್ತಿನಾಗ ನನ್ನ ಮಗನ ತಲೀಮ್ಯಾಲ ಸಾಹೇಬನ ಬುಟ್ಟಿ ಇಡ್ತೀರೇನ್ರಿ ಬೀಗರ? ಮದುವಿ ದಿನಾನೇ ನಮಗ ಟೋಪಿ ಹಾಕಿದ್ರಿ.”

ಎಲ್ಲರೂ ನಕ್ಕರು. ಭಾವನೂ ನಕ್ಕು ಹ್ಯಾಟು ಇಟ್ಟುಕೊಂಡ. ಅಪ್ಪ ಆರಿಸಿದ್ದು ಸರಿ, ಅದು ಅವನ ಮುಖಕ್ಕೆ ಬಹಳ ಚೆನ್ನಾಗಿ ಒಪ್ಪುತ್ತಿತ್ತು. ಅಕ್ಕ ಬಾಸಿಂಗದ ಕೆಳಗಿನಿಂದ ಕದ್ದು ನೋಡಿದ್ದನ್ನು ನಾನು ಕಂಡೆ. ಮದುವೆಯ ನಂತರದ ಮೊದಲ ಪಂಚಮಿಗೆ ಅವಳು ತವರಿಗೆ ಬಂದಳು, ಬಂದವಳು ಇಲ್ಲಿಯೇ ಉಳಿದಳು. ದಾರಿ ಕೆಟ್ಟಿತ್ತು. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಗಂಡಸನ್ನು ನಡುವೆ ನಿಲ್ಲಿಸಿ ಮೊದಲು ನೋಡುತ್ತಿದ್ದದ್ದೇ ತಲೆಯ ಮೇಲೆ ಏನಿದೆ ಎಂದು. ಚಳವಳಿಯವರ ಬಿಳಿ ಟೋಪಿಯಾದರೆ ಒಬ್ಬರಿಗೆ ಆಗುತ್ತಿರಲಿಲ್ಲ, ನವಾಬನ ಕಡೆಯವರ ಕೆಂಪಾದರೆ ಮತ್ತೊಬ್ಬರಿಗೆ. ರುಮಾಲು ಸುತ್ತಿದವನ ರುಮಾಲು ಬಿಚ್ಚಿಸಿ ಒಳಗೇನು ಬಚ್ಚಿಟ್ಟಿದ್ದೀ ಎನ್ನುತ್ತಿದ್ದರು. ಓಣಿಯ ಅರ್ಧ ಮಂದಿ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿಬಿಟ್ಟಿದ್ದರು. ನಾವು ಹೋಗಲಿಲ್ಲ. ನಡುಮನೆಯ ಹ್ಯಾಟುಗಳನ್ನು ಬಿಟ್ಟು ಅಪ್ಪ ಬರುವವನಲ್ಲ. ಅಕ್ಕ ಮತ್ತು ನಾನು ಅವುಗಳಿಗೆ ಮೆತ್ತನೆಯ ಬ್ರಷ್ಷು ಆಡಿಸುತ್ತಿದ್ದೆವು, ನುಸಿ ಹಿಡಿಯದಂತೆ ನಡುನಡುವೆ ಬೇವಿನ ಸೊಪ್ಪು ಇಡುತ್ತಿದ್ದೆವು. ಅಕ್ಕನ ಕೈ ಬಲು ಬೇಗ ಪಳಗಿತು. ಕಣ್ಣು ಮುಚ್ಚಿ ಮುಟ್ಟಿದರೂ ಉಣ್ಣೆ ಯಾವುದು ತುಪ್ಪಳ ಯಾವುದು ಎಂದು ಹೇಳುತ್ತಿದ್ದಳು.

ಬೇಸಿಗೆ ಹೊತ್ತಿಗೆ ಅಕ್ಕನನ್ನು ಕರೆದುಕೊಂಡು ಹೋಗಲು ಬರುತ್ತೇನೆಂದು ಭಾವ ಹೇಳಿ ಕಳಿಸಿದ. ಆ ಸುದ್ದಿ ತಂದವನು ಲಾಲಸಾಬ, ಅಫಜಲಪುರದ ಕಡೆಯ ಗಾಡಿಯವ, ಅಪ್ಪನ ಅಂಗಡಿಗೆ ಮೊದಲಿನಿಂದ ಮಾಲು ತರುತ್ತಿದ್ದ ಮುದುಕ. ಅವನು ವಾಪಸು ಹೊರಟಾಗ ಅಪ್ಪ ಬಾಗಿಲ ತನಕ ಹೋಗಿ ಹೇಳಿದ ಮಾತು ನಮಗೆಲ್ಲ ಕೇಳಿಸಿತು.

“ಅಳಿಯಂದಿರಿಗೆ ಹೇಳು ಲಾಲಸಾಬ, ಬರೂ ಮುಂದ ನಾ ಕೊಟ್ಟ ಹ್ಯಾಟು ಇಟಗೊಂಡೇ ಬರಲಿ. ಬಾಕಿ ಟೋಪಿ ಎಲ್ಲಾ ಒಂದಿಲ್ಲೊಂದು ಕಡೀವು. ಇದು ಯಾರ ಕಡೀದೂ ಅಲ್ಲ. ಇದನ್ನ ಕಂಡ್ರ ಯಾರೋ ದೊಡ್ಡ ಮನಶಾ ಅಂತ ದಾರಿ ಬಿಡ್ತಾರ.”

“ಆತ್ರಿ ಸಾವಕಾರ್ರ. ಆದ್ರ ಈ ವ್ಯಾಳ್ಯಾದಾಗ ತಲಿ ಎದ್ದು ಕಾಣೂದು ಛಲೋ ಅಲ್ಲ ಅಂತೇನಿ ನಾ.”

“ನಿನಗ ಎತ್ತು ತಿಳಿತದ. ಟೋಪಿ ನನಗ ತಿಳಿತದ.”

ಅಪ್ಪ ಇದನ್ನು ಸೊಕ್ಕಿನಿಂದ ಹೇಳಲಿಲ್ಲ. ನಿಜವಾಗಿಯೂ ನಂಬಿದ್ದ. ಹ್ಯಾಟಿನ ಮಾಲು ಗೊತ್ತಿದ್ದವನಿಗೆ ಹ್ಯಾಟು ನೋಡುವ ಮನುಷ್ಯರ ಕಣ್ಣೂ ಗೊತ್ತಿರುತ್ತದೆ ಎಂದುಕೊಂಡಿದ್ದ. ಅಕ್ಕ ಅಂದಿನಿಂದ ಗಂಟು ಕಟ್ಟತೊಡಗಿದಳು. ಶೇಂಗಾ ಹಿಂಡಿ ಕುಟ್ಟಿಟ್ಟಳು, ಅತ್ತೆಗೆಂದು ಸಜ್ಜಿ ರೊಟ್ಟಿ ಒಣಗಿಸಿದಳು. ಭಾವ ಬರಲಿಲ್ಲ. ಇನ್ನೂ ಹೊರಟಿಲ್ಲವೇನೋ ಎಂದು ನಾವು ತಿಳಿದೆವು. ಮುಂದೆ ಯಡ್ರಾಮಿಯಿಂದ ಬಂದ ಒಬ್ಬರು ‘ಅಳಿಯಂದಿರು ಮುಟ್ಟಿದರೇನ್ರಿ’ ಎಂದು ಕೇಳಿದಾಗಲೇ ಅವನು ಮನೆ ಬಿಟ್ಟು ಬಹಳ ದಿನವಾಯಿತೆಂದು ಗೊತ್ತಾದದ್ದು. ಅಲ್ಲಿಂದ ಹೊರಟಿದ್ದ, ಇಲ್ಲಿಗೆ ಮುಟ್ಟಿರಲಿಲ್ಲ. ಅಕ್ಕನ ಗಂಟಿನಲ್ಲಿದ್ದ ಸಜ್ಜಿ ರೊಟ್ಟಿ ಹುಳ ಹಿಡಿದು ಹಾಳಾದವು, ಅವ್ವ ಅವನ್ನು ಎಮ್ಮೆಗೆ ಹಾಕಿದಳು.

ಮಳೆ ಇನ್ನೂ ಬಿದ್ದಿರಲಿಲ್ಲ. ಒಂದು ಮಧ್ಯಾಹ್ನ ಲಾಲಸಾಬ ಬಂದ. ಗಾಡಿ ಬಿಚ್ಚಲಿಲ್ಲ, ನೀರು ಕೇಳಲಿಲ್ಲ. ಹೆಗಲ ಮೇಲಿನ ಟವೆಲಿನಲ್ಲಿ ಸುತ್ತಿದ್ದನ್ನು ಪಡಸಾಲೆಯ ಕಟ್ಟೆಯ ಮೇಲಿಟ್ಟು ಬಿಚ್ಚಿದ. ಬೂದು ಬಣ್ಣದ ಹ್ಯಾಟು. ಅಂಚು ಒಂದು ಕಡೆ ಹರಿದಿತ್ತು, ರಿಬ್ಬನ್ನು ಇರಲಿಲ್ಲ, ಮಣ್ಣು ಮೆತ್ತಿ ಒಣಗಿತ್ತು.

“ಘತ್ತರಗಿ ಹತ್ತರ ಹೊಳಿ ದಂಡೀಗಿ ಜಾಲಿ ಕಂಟ್ಯಾಗ ಸಿಕ್ಕಿತ್ತರಿ. ಮತ್ತೇನೂ ಇರಲಿಲ್ಲ, ಸುತ್ತ ಎಲ್ಲಾ ಹುಡುಕಿ ನೋಡೀನಿ. ನಿಮ್ಮ ಅಂಗಡಿ ಮಾಲ್ ಇದ್ದಂಗ ಕಂಡಿತು, ತಂದೀನ್ರಿ. ನೀವು ನೋಡಿ ಹೇಳಬೇಕು, ನಾ ಏನ್ ಹೇಳಲಿ.”

ಅಪ್ಪ ಕೈ ತೊಳೆಯಲಿಲ್ಲ. ನಾನು ಅದನ್ನು ಗಮನಿಸಿದೆ. ಹ್ಯಾಟನ್ನು ಎತ್ತಿ ಎಡಗೈ ಮುಷ್ಟಿಯ ಮೇಲೆ ಕೂರಿಸಿದ, ಹೆಬ್ಬೆರಳನ್ನು ಅಂಚಿನ ಮೇಲೆ ಸುತ್ತಿಸಿದ, ಹರಿದ ಕಡೆ ಬಂದಾಗ ನಿಂತ. ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು, ಅವಳ ಹಿಂದೆ ಅಕ್ಕ. ಹ್ಯಾಟು ಭಾವನದೆಂದರೆ ಭಾವ ಇಲ್ಲ. ಅಲ್ಲವೆಂದರೆ ಎಲ್ಲೋ ಇದ್ದಾನೆ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಮತ್ತೆ ಕಟ್ಟೆಯ ಮೇಲಿಟ್ಟ.

“ಇದು ಅವರದಲ್ಲ. ಇದು ಉಣ್ಣೀದು, ಹಗುರ ಮಾಲು. ನಾ ಅಳಿಯಗ ಕೊಟ್ಟದ್ದು ತುಪ್ಪಳದ್ದು.”

ಅವ್ವ ಹ್ಯಾಟುಗಳನ್ನು ಎಂದೂ ಮುಟ್ಟಿದವಳಲ್ಲ, ಬೈದವಳು ಮಾತ್ರ. ಅವಳು ಒಳಗೆ ಹೋಗಿ ತಂಬಿಗೆ ತಂದಳು. ಬೆರಳು ಅದ್ದಿ ಹ್ಯಾಟಿನ ನೆತ್ತಿಯ ಮೇಲೆ, ಮಣ್ಣು ಉದುರಿ ಚೊಕ್ಕವಾಗಿದ್ದ ಜಾಗದಲ್ಲಿ ಚಿಮುಕಿಸಿದಳು. ಹನಿಗಳು ದುಂಡಗೆ ನಿಂತವು. ಅವ್ವ ಅದನ್ನು ಓರೆ ಮಾಡಿದಳು, ಅವು ಉರುಳಿ ಕಟ್ಟೆಯ ಕಲ್ಲಿನ ಮೇಲೆ ಬಿದ್ದವು. ಲಾಲಸಾಬ ಮುಖ ಆ ಕಡೆ ತಿರುಗಿಸಿದ.

“ಇದು ಉಣ್ಣೀದೇನ್ರಿ?” ಅಂದಳು ಅವ್ವ.

“ಹೊಳಿ ನೀರಾಗ ನೆನದು ಬಿಸಿಲಿಗಿ ಕಾಯ್ದ ಮಾಲಿಗಿ ಈ ಪರೀಕ್ಷಾ ನಡಿಯಂಗಿಲ್ಲ. ನಿನಗ ತಿಳಿಯಂಗಿಲ್ಲ. ಒಳಗ ಹೋಗು.”

ಅಪ್ಪ ಸುಳ್ಳು ಹೇಳುತ್ತಿದ್ದ. ನನಗೆ ಗೊತ್ತಾಯಿತು, ಅವ್ವನಿಗೆ ಗೊತ್ತಿತ್ತು, ಲಾಲಸಾಬನಿಗೂ ಗೊತ್ತಿತ್ತು. ಯಾಕೆ ಹೇಳಿದನೆಂಬುದೂ ಗೊತ್ತಿತ್ತು. ಈ ಹ್ಯಾಟು ಇಟ್ಟುಕೊಂಡು ಬಾ ಎಂದು ಹೇಳಿ ಕಳಿಸಿದವನು ಅವನೇ. ಹ್ಯಾಟು ಅಳಿಯನದೆಂದು ಒಪ್ಪಿದರೆ ಅಳಿಯನನ್ನು ತನ್ನ ಮಾತೇ ಕೊಂದಿತೆಂದು ಒಪ್ಪಬೇಕಾಗಿತ್ತು. ಮಗಳ ಮುಂದೆ ಅದನ್ನು ಒಪ್ಪುವ ಶಕ್ತಿ ಅವನಲ್ಲಿರಲಿಲ್ಲ. ಭಾವನಿಗೆ ಏನಾಯಿತು, ಯಾರು ಏನು ಮಾಡಿದರು, ಅಥವಾ ಹೊಳೆಯೇ ಎಳೆದುಕೊಂಡಿತೋ, ಇವತ್ತಿನ ತನಕ ಯಾರಿಗೂ ತಿಳಿದಿಲ್ಲ. ಅಕ್ಕ ಬಾಗಿಲು ಬಿಟ್ಟು ಬಂದು ಹ್ಯಾಟನ್ನು ಎತ್ತಿಕೊಂಡಳು, ಒಳಗೆ ಬೆರಳು ಆಡಿಸಿದಳು, ಮತ್ತೆ ಅಲ್ಲಿಯೇ ಇಟ್ಟಳು.

“ಅಪ್ಪ ಅಲ್ಲ ಅಂದ್ರ ಅಲ್ಲ ಬಿಡ್ರಿ ಕಾಕಾ,” ಎಂದು ಲಾಲಸಾಬನಿಗೆ ಹೇಳಿದಳು. “ನೀರ ಕುಡದು ಹೋಗ್ರಿ.”

ಸುದ್ದಿ ಯಡ್ರಾಮಿಗೆ ಮುಟ್ಟಿ ಭಾವನ ತಾಯಿ ಬಂದಳು. ಮದುವೆಯ ಹಂದರದಲ್ಲಿ ಸೆರಗು ಸಿಕ್ಕಿಸಿ ಜಗಳಕ್ಕೆ ನಿಂತವಳು ಈಗ ಗೋಡೆ ಹಿಡಿದು ಒಳಗೆ ಬಂದಳು. ಹ್ಯಾಟಿನ ಕಡೆ ನೋಡಲಿಲ್ಲ. ಅಪ್ಪನ ಮುಖವನ್ನೇ ನೋಡಿದಳು.

“ಬೀಗರ, ಟೋಪಿ ವಿಷಯದಾಗ ನಿಮ್ಮ ಮಾತು ಸುಳ್ಳಾಗಿಲ್ಲ ಅಂತ ಊರಾಗ ಅಂತಾರ. ಅದು ನನ್ನ ಮಗಂದು ಹೌದೋ ಅಲ್ಲೋ, ಒಂದ ಮಾತಿನಾಗ ಹೇಳ್ರಿ.”

“ಅಲ್ರಿ,” ಅಂದ ಅಪ್ಪ.

ಅವಳು ಅವನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ದನದ ಕಡೆ ಹೋಗಿ ಗೋಡೆಗೆ ಮುಖ ಮಾಡಿ ಕೂತೆ. ಸಮಾಧಾನದ ಮಾತು ಹೇಳುವವರನ್ನು ಕಂಡರೆ ನನಗೆ ಆಗದಿರುವುದು ಆವತ್ತಿನಿಂದ. ನನ್ನ ಗಂಡ ಸತ್ತಾಗ, ಮಗ ಕಾಯಿಲೆ ಬಿದ್ದಾಗ, ಎಲ್ಲ ಸರಿಹೋಗುತ್ತದೆ ಎಂದು ಹೇಳಲು ಬಂದವರನ್ನು ನಾನು ಬಾಗಿಲಿನಿಂದಲೇ ಕಳಿಸಿದ್ದೇನೆ. ಕೆಟ್ಟ ಹೆಂಗಸು ಅನ್ನುತ್ತಾರೆ, ಅನ್ನಲಿ.

ಗದ್ದಲ ಮುಗಿಯಿತು. ಬಜಾರಿನ ಮೇಲಿನ ಧ್ವಜ ಬದಲಾಯಿತು, ಸೊಲ್ಲಾಪುರಕ್ಕೆ ಹೋದವರು ತಿರುಗಿ ಬಂದು ತಮ್ಮ ಮನೆಯ ಕದ ಹುಡುಕತೊಡಗಿದರು. ನಮ್ಮ ಮನೆಯಲ್ಲಿ ಏನೂ ಮುಗಿಯಲಿಲ್ಲ. ಹೊಲದಲ್ಲಿ ತೊಗರಿ ಹೂ ಬಿಟ್ಟಾಗ ಅಫಜಲಪುರದ ಕಡೆಯ ಒಬ್ಬ ಒಕ್ಕಲುತನದವನ ಮನೆಯಿಂದ ಅಕ್ಕನನ್ನು ಕೇಳಿ ಮಾತು ಬಂತು. ಹೆಂಡತಿ ತೀರಿಹೋದವನು, ವಯಸ್ಸು ಚಿಕ್ಕದು, ಒಳ್ಳೆಯವನೆಂದು ಹೆಸರಿತ್ತು. ನಮ್ಮಲ್ಲಿ ಗಂಡ ಸತ್ತವಳಿಗೆ ಉಡಿಕಿ ಮಾಡಿಕೊಡುವ ಪದ್ಧತಿ ಇತ್ತು. ಹಂದರ ವಾದ್ಯ ಏನೂ ಇಲ್ಲದೆ, ನಾಲ್ಕು ಹಿರಿಯರ ಮುಂದೆ ಹೊಸ ಸೀರೆ ಉಡಿಸಿ ಎರಡನೆಯ ಸಲ ಮದುವೆ ಮಾಡುವುದು. ಶರಣರು ಹೆಣ್ಣಿಗೆ ಬಿಟ್ಟುಹೋದ ಒಂದು ದಾರಿ ಅದು ಎಂದು ಅವ್ವ ಹೇಳುತ್ತಿದ್ದಳು. ಆದರೆ ಗಂಡ ಸತ್ತಿರಬೇಕು. ಬಾರದೇ ಇದ್ದವನ ಹೆಂಡತಿಗೆ ಆ ದಾರಿಯಿಲ್ಲ. ಅವ್ವ ಅಪ್ಪನ ಮುಂದೆ ಊಟದ ತಾಟು ಇಟ್ಟು, ಅವನು ಮೊದಲ ತುತ್ತು ಮುರಿಯುವ ಮುನ್ನ ಎದುರಿಗೆ ಕೂತಳು.

“ಹುಡುಗಿಗಿ ಇನ್ನ ಇಪ್ಪತ್ತೂ ತುಂಬಿಲ್ರಿ. ಅದು ಅವರ ಟೋಪೀನೇ ಅಂತ ಒಂದು ಮಾತು ಅನ್ರಿ. ಉಡಿಕಿ ಮಾಡಿ ಕೊಡೂಣು. ನಾಕು ಮಕ್ಕಳ ತಾಯಿ ಆಗ್ತಾಳ.”

“ಯಡ್ರಾಮಿ ಮುದುಕಿಗಿ ಏನ್ ಹೇಳಲಿ? ಆಕೀ ಮಗ ಬರ್ತಾನಂತ ದಿನಾ ದಾರಿ ನೋಡಾಕತ್ತಾಳ. ಈಗ ಹೋಗಿ ನಾನೇ ಆತನ್ನ ಕೊಲ್ಲಲೇನು?”

“ಸತ್ತವರನ್ನ ಯಾರೂ ಕೊಲ್ಲಂಗಿಲ್ರಿ. ಇದ್ದಾಕೀನ್ನ ಕೊಲ್ಲಬ್ಯಾಡ್ರಿ.”

ಅಪ್ಪ ತಾಟು ಸರಿಸಿ ಎದ್ದ. ಮರುದಿನ ಅಫಜಲಪುರದ ಹಿರಿಯರು ಬಂದು ಪಡಸಾಲೆಯಲ್ಲಿ ಕೂತರು. ಮಾತು ನೇರವಾಗಿ ಕೇಳಿದರು: ಹುಡುಗಿಯ ಗಂಡ ಇದ್ದಾನೋ ಇಲ್ಲವೋ. ಅಪ್ಪ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಬಾಯಿ ತೆರೆದ. ಅವನು ಹೇಳಿಬಿಡುತ್ತಾನೆ ಎಂದು ನನಗೆ ಒಂದು ಕ್ಷಣ ಅನ್ನಿಸಿತು. ಆಗ ಅಕ್ಕ ನೀರಿನ ತಂಬಿಗೆ ಹಿಡಿದು ಹೊರಗೆ ಬಂದಳು. ತಲೆಯ ಮೇಲೆ ಸೆರಗು, ಕೈತುಂಬ ಹಸಿರು ಬಳೆ, ಹಣೆಯ ಮೇಲೆ ಆಗಷ್ಟೇ ಇಟ್ಟ ದೊಡ್ಡ ಕುಂಕುಮ. ತಂಬಿಗೆ ಹಿರಿಯರ ಮುಂದಿಟ್ಟು ಒಳಗೆ ಹೋದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನೀರು ಕುಡಿದು, ಶರಣು ಹೇಳಿ ಎದ್ದರು. ಅವ್ವ ಒಲೆಯ ಮುಂದೆ ಕೂತು ಸದ್ದಿಲ್ಲದೆ ಅತ್ತಳು.

ನಾನು ಅಕ್ಕನ ಮೇಲೆ ಸಿಟ್ಟು ಮಾಡಿಕೊಂಡು ಅವಳ ಹಿಂದೆಯೇ ಹಿತ್ತಲಿಗೆ ಹೋದೆ. ಅವಳು ಅರಿವೆ ಒಗೆಯಲು ಕೂತಿದ್ದಳು.

“ಅಪ್ಪ ಅಂದದ್ದು ನೀನೂ ನಂಬೀ ಏನಕ್ಕ? ನೀರ ನಿಂತದ್ದು ನೀ ನೋಡಲಿಲ್ಲೇನು?”

“ನೀರ ಯಾಕ ಬೇಕು? ಟೋಪಿ ಅವರಿಗಿ ಸಡಿಲ ಆಗತಿತ್ತು. ತೊಗಲಿನ ಪಟ್ಟಿ ಹಿಂದ ನಾನೇ ಅರಿವಿ ಮಡಚಿ ಹೊಲದು ಕೊಟ್ಟಿದ್ದೆ. ಅವತ್ತ ಬೆರಳು ಹಾಕಿದ ಕೂಡಲೇ ಕೈಗಿ ಹತ್ತಿತು.”

“ಮತ್ತ ಈ ಕುಂಕುಮ ಯಾರ ಸಲುವಾಗಿ?”

“ಮುಂಜಾನೆ ಎದ್ದ ಕೂಡಲೇ ಅಪ್ಪ ಮೊದಲು ನನ್ನ ಹಣಿ ನೋಡತಾನ, ನೀ ನೋಡಿಲ್ಲೇನು? ಆಮ್ಯಾಲೇ ಆತ ಬಾಯಿ ಮುಕ್ಕಳಸತಾನ. ಹಣಿ ಖಾಲಿ ಕಂಡ ದಿನ ಆತ ಉಳಿಯಂಗಿಲ್ಲ, ಗಂಗಿ. ನನಗಂತೂ ಹೋದವರು ಹೋದರು. ಅಪ್ಪನ್ನೂ ಎಲ್ಲಿ ಕಳಕೊಳ್ಳಲಿ.”

ಅವಳು ಮತ್ತೆ ಅರಿವೆ ಒಗೆಯತೊಡಗಿದಳು. ಅಪ್ಪ ಅವಳ ಮುಖ ನೋಡಲಾರದೆ ಸುಳ್ಳು ಹೇಳಿದ್ದ, ಅವಳು ಅಪ್ಪನಿಗಾಗಿ ಅದನ್ನು ಹಣೆಯ ಮೇಲೆ ಇಟ್ಟುಕೊಂಡಿದ್ದಳು. ಅವರಿಬ್ಬರ ಈ ಪ್ರೀತಿಯಿಂದ ಯಾರಿಗೂ ಏನೂ ಒಳ್ಳೆಯದಾಗಲಿಲ್ಲ. ಆ ಒಕ್ಕಲುತನದವನ ಮನೆಗೆ ಬೇರೆ ಯಾವಳೋ ಹೋದಳು. ನನ್ನ ಮದುವೆಯಾಗಿ ನಾನು ಹೋದೆ. ಅವ್ವ ತೀರಿಕೊಂಡಳು. ನಡುಮನೆಯ ಹ್ಯಾಟುಗಳು ಒಂದೊಂದಾಗಿ ನುಸಿ ಹಿಡಿದು ಹೋದವು. ಅಕ್ಕ ಮಾತ್ರ ಮುತ್ತೈದೆಯಾಗಿ ಊರಿನ ಮದುವೆಗಳಲ್ಲಿ ಆರತಿ ಹಿಡಿದು, ಅರಿಶಿನ ಹಚ್ಚಿ, ಉಡಿ ತುಂಬಿಸಿಕೊಂಡು ಬಂದಳು. ತಲೆ ಬೆಳ್ಳಗಾಗುವ ತನಕ.

ಅಪ್ಪ ತೀರಿದ ದಿನ ನಾನು ಹೋಗಿದ್ದೆ. ಮಣ್ಣು ಮಾಡಿ ಗಂಡಸರು ಬಂದು ಪಡಸಾಲೆಯಲ್ಲಿ ಕೂತಿದ್ದರು. ಅಕ್ಕ ಎದ್ದು ಹಿತ್ತಲಿಗೆ ಹೋದಳು. ತಿರುಗಿ ಬಂದಾಗ ಹಣೆ ತೊಳೆದುಕೊಂಡಿದ್ದಳು, ಕೈಯಲ್ಲಿ ಬಳೆ ಇರಲಿಲ್ಲ. ಹೆಂಗಸರು ಗಾಬರಿಯಾಗಿ ಅವಳ ಕೈ ಹಿಡಿದರು. ಸತ್ತದ್ದು ನಿನ್ನ ಅಪ್ಪ, ಗಂಡನಲ್ಲ, ಏನು ಮಾಡಿಕೊಂಡೀ ಎಂದರು. ಅಕ್ಕ ಅವರಿಂದ ಕೈ ಬಿಡಿಸಿಕೊಂಡಳು.

“ಇಬ್ಬರೂ ಸತ್ತಾರ್ರಿ,” ಅಂದಳು. “ಈಗ ಇಬ್ಬರಿಗೂ ಅಳತೇನಿ, ಬಿಡ್ರಿ.”